ಹಳೇ ಡೀಸೆಲ್ ಪಿಕಪ್‌ಗೆ ಗಟ್ಟಿ ಗೇರ್‌ಬಾಕ್ಸ್: ದುಡ್ಡು ಕೊಡುವ ಮುಂಚೆ ಬಿಸಿ ಎಲ್ಲಿಂದ ಬರ್ತಿದೆ ನೋಡಿ

ಓದುಗರ ಪ್ರಶ್ನೆ: ನಮಸ್ಕಾರ ಸರ್. ನಾವು ಹಾಸನದ ಕಡೆಯವರು, ಈಗ ಅಮೆರಿಕದ ಡೆನ್ವರ್ ಪಕ್ಕ ಅರೋರಾದಲ್ಲಿದ್ದೇವೆ. ಹೋದ ವರ್ಷ ಪಕ್ಕದ ಮನೆಯ ಹಿರಿಯರೊಬ್ಬರಿಂದ 2001ರ ಡಾಡ್ಜ್ ರ‍್ಯಾಮ್ 2500 ಕೊಂಡೆ. 5.9 ಲೀಟರ್ ಕಮಿನ್ಸ್ ಡೀಸೆಲ್, ಆಟೋಮ್ಯಾಟಿಕ್, 1,90,000 ಮೈಲಿ ಓಡಿದೆ. ಹಿಂದೆ ಸುಮಾರು 7,500 ಪೌಂಡ್‌ನ ಟ್ರಾವೆಲ್ ಟ್ರೇಲರ್ ಕಟ್ಟಿಕೊಂಡು ಬೆಟ್ಟದ ಕಡೆ ಹೋಗುತ್ತೇವೆ. ಐ-70ಯಲ್ಲಿ ಐಸೆನ್‌ಹೋವರ್ ಟನಲ್ ಕಡೆ ಏರುವಾಗ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಎಳೆಯುವುದಿಲ್ಲ. ಸುಟ್ಟ ವಾಸನೆ ಬೇರೆ. ಟ್ರೇಲರ್ ಇಲ್ಲದಾಗಲೂ 45 ಮೈಲಿ ವೇಗದ ಹತ್ತಿರ ಆರ್‌ಪಿಎಂ ಮುಳ್ಳು ಮೇಲೆ ಕೆಳಗೆ ಆಡುತ್ತದೆ. ಹಳೇ ಮಾಲೀಕರು ಪವರ್ ಜಾಸ್ತಿ ಮಾಡುವ ಟ್ಯೂನಿಂಗ್ ಬಾಕ್ಸ್ ಹಾಕಿಸಿದ್ದಾರೆ. ಒಂದು ಶಾಪ್‌ನವರು ಗೇರ್‌ಬಾಕ್ಸ್ ಪೂರ್ತಿ ಬಿಚ್ಚಿ ಗಟ್ಟಿ ಮಾಡಿಕೊಡಲು 6,800 ಡಾಲರ್ ಕೇಳಿದ್ದಾರೆ. ಗೆಳೆಯರೊಬ್ಬರು ಅಲಿಸನ್ ಗೇರ್‌ಬಾಕ್ಸ್ ಕೂರಿಸಿ ಅಂತಾರೆ, ಇನ್ನೊಬ್ಬರು ಮ್ಯಾನ್ಯುಯಲ್ ಮಾಡಿಸಿ ಅಂತಾರೆ. ಮೆಕ್ಯಾನಿಕ್ ಒಬ್ಬರು "ಹಳೇ ಗೇರ್‌ಬಾಕ್ಸ್‌ನ ಆಯಿಲ್ ಮುಟ್ಟಲೇಬೇಡಿ, ಮುಟ್ಟಿದರೆ ಸತ್ತೇ ಹೋಗುತ್ತೆ" ಎಂದರು. ಗಾಡಿಗೆ ಕೊಟ್ಟಿದ್ದೇ 9,000 ಡಾಲರ್. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇವೆ. ಏರಿನಲ್ಲಿ ಕೂಗುವುದು ಮತ್ತು ಸುಟ್ಟ ವಾಸನೆ ಒಂದು. 45 ಮೈಲಿಯಲ್ಲಿ ಮುಳ್ಳು ಆಡುವುದು ಇನ್ನೊಂದು. ಎರಡಕ್ಕೂ ಒಂದೇ ಔಷಧಿ ಎಂದು 6,800 ಡಾಲರ್ ಕೊಟ್ಟರೆ, ಗೇರ್‌ಬಾಕ್ಸ್ ಹೊಸದಾಗಿ ಬಂದ ಮೇಲೂ ಮುಳ್ಳು ಆಡುತ್ತಲೇ ಇರಬಹುದು. ಹಾಗೆ ಆಗಿ ನನ್ನ ಹತ್ತಿರ ಬಂದ ಗಾಡಿಗಳು ಬೇಕಾದಷ್ಟಿವೆ.

ಅದಕ್ಕೇ ಎರಡನೆಯದನ್ನು ಮೊದಲು ಮುಗಿಸೋಣ. ಈ ವರ್ಷಗಳ ರ‍್ಯಾಮ್‌ನಲ್ಲಿ ಟಾರ್ಕ್ ಕನ್ವರ್ಟರ್‌ನ ಲಾಕಪ್ (ಎಂಜಿನ್ ಮತ್ತು ಗೇರ್‌ಬಾಕ್ಸ್ ಒಟ್ಟಿಗೆ ತಿರುಗುವಂತೆ ಬಿಗಿಯುವ ಕ್ಲಚ್) ಹಾಕುವುದು, ತೆಗೆಯುವುದು ಕಂಪ್ಯೂಟರ್ ಕೆಲಸ. ಆಕ್ಸಿಲರೇಟರ್ ಪೆಡಲ್ ಎಷ್ಟು ಒತ್ತಿದ್ದೀರಿ ಎಂಬ ಸಿಗ್ನಲ್ ನೋಡಿಕೊಂಡು ಅದು ತೀರ್ಮಾನ ಮಾಡುತ್ತದೆ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನ ಡಯೋಡ್ ಹಾಳಾದರೆ ಡಿಸಿ ಕರೆಂಟ್ ಜೊತೆ ಎಸಿ ಸೋರುತ್ತದೆ. ಆ ಗಲಾಟೆ ಪೆಡಲ್ ಸಿಗ್ನಲ್‌ಗೆ ಸೇರಿಕೊಳ್ಳುತ್ತದೆ. ನೀವು ಕಾಲು ಅಲ್ಲಾಡಿಸದಿದ್ದರೂ ಕಂಪ್ಯೂಟರ್‌ಗೆ ಕಾಲು ಕುಣಿಯುತ್ತಿದೆ ಅನಿಸುತ್ತದೆ. ಲಾಕಪ್ ಹಾಕುತ್ತದೆ, ತೆಗೆಯುತ್ತದೆ, ಮತ್ತೆ ಹಾಕುತ್ತದೆ. ಗೇರ್‌ಬಾಕ್ಸ್ ಹೋಯಿತು ಅಂತ ನಾವು ತಲೆ ಕೆಡಿಸಿಕೊಳ್ಳುತ್ತೇವೆ.

ಇದನ್ನು ಮನೆಯಲ್ಲೇ ನೋಡಬಹುದು. ಎಂಜಿನ್ ಓಡುತ್ತಿರಲಿ, ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿ. ಮಲ್ಟಿಮೀಟರ್ ಅನ್ನು ಎಸಿ ವೋಲ್ಟ್‌ಗೆ ಇಟ್ಟು ಆಲ್ಟರ್ನೇಟರ್‌ನ ಔಟ್‌ಪುಟ್‌ನಲ್ಲಿ ಅಳೆಯಿರಿ. 0.1 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅನುಮಾನ ಪಡಿ. ಇನ್ನೊಂದು ದಾರಿಯೂ ಇದೆ. ಎಂಜಿನ್ ಆಫ್ ಮಾಡಿ ಆಲ್ಟರ್ನೇಟರ್‌ನ ಚಿಕ್ಕ ಪ್ಲಗ್ ಕಳಚಿ, ಬ್ಯಾಟರಿ ಮೇಲೆಯೇ ಹಗಲಲ್ಲಿ ಒಂದು ಸಣ್ಣ ಸುತ್ತು ಹೋಗಿ ಬನ್ನಿ. ಮುಳ್ಳು ಆಡುವುದು ನಿಂತರೆ ಕಳ್ಳ ಸಿಕ್ಕಿದ ಹಾಗೆ. ನಿಲ್ಲದಿದ್ದರೆ ಪೆಡಲ್ ಸೆನ್ಸರ್ ಮತ್ತು ಬ್ಯಾಟರಿಯ ಅರ್ಥ್ ವೈರ್‌ಗಳನ್ನು ನೋಡಿಸಿ. ಇದೆಲ್ಲ ಆದ ಮೇಲೂ ಉಳಿದರೆ ಆಗ ಗೇರ್‌ಬಾಕ್ಸ್ ಕಡೆ ಬೆರಳು ತೋರಿಸೋಣ.

ಈಗ ಏರಿನ ವಿಷಯ. ಇಲ್ಲಿ ನಿಮ್ಮ ಭಯ ನಿಜ.

ನಿಮ್ಮ ಗಾಡಿಯಲ್ಲಿರುವುದು 47ಆರ್‌ಇ ಎಂಬ ನಾಲ್ಕು ಗೇರ್‌ನ ಬಾಕ್ಸ್. ಬೇರು ಹಿಡಿದು ಹೋದರೆ ಕ್ರೈಸ್ಲರ್‌ನವರು 1962ರಲ್ಲಿ ತಂದ 727 ಟಾರ್ಕ್‌ಫ್ಲೈಟ್‌ಗೆ ಮುಟ್ಟುತ್ತದೆ. ಆ ಮೂರು ಗೇರ್‌ನ ಬಾಕ್ಸ್‌ನ ಹಿಂದೆ ಓವರ್‌ಡ್ರೈವ್ ಎಂಬ ನಾಲ್ಕನೇ ಗೇರ್ ಸೇರಿಸಿ ಡೀಸೆಲ್‌ಗೆ ಒಗ್ಗಿಸಿದ್ದಾರೆ. ಮೂಲ ವಿನ್ಯಾಸ ಒಳ್ಳೆಯದೇ. ಆದರೆ ಕಮಿನ್ಸ್ ಎಂಜಿನ್ ಕೆಳ ಆರ್‌ಪಿಎಂನಲ್ಲೇ ಕೊಡುವ ಎಳೆತಕ್ಕೆ ಇದು ಅಂಚಿನಲ್ಲಿ ನಿಂತಿತ್ತು. ಇದು ಕಂಪನಿಗೂ ಗೊತ್ತಿತ್ತು. 2001ರಲ್ಲಿ ಇದೇ ಎಂಜಿನ್ ಆಟೋಮ್ಯಾಟಿಕ್ ಗಾಡಿಯಲ್ಲಿ 460 ಪೌಂಡ್-ಅಡಿ ಟಾರ್ಕ್ ಕೊಡುತ್ತಿತ್ತು. 505 ಪೌಂಡ್-ಅಡಿಯ ಹೈ ಔಟ್‌ಪುಟ್ ಎಂಜಿನ್ ಬೇಕೆಂದರೆ ಆರು ಗೇರ್‌ನ ಮ್ಯಾನ್ಯುಯಲ್ಲೇ ತಗೊಳ್ಳಬೇಕಿತ್ತು. ಕಾರ್ಖಾನೆಯವರೇ ಕೊಡಲು ಹಿಂದೆಮುಂದೆ ನೋಡಿದ ಟಾರ್ಕ್‌ಗಿಂತ ಜಾಸ್ತಿಯನ್ನು ನಿಮ್ಮ ಹಳೇ ಮಾಲೀಕರ ಟ್ಯೂನಿಂಗ್ ಬಾಕ್ಸ್ ಸದ್ದಿಲ್ಲದೆ ಒಳಗೆ ಕಳಿಸುತ್ತಿರಬಹುದು. ಅದನ್ನು ಇವತ್ತೇ ಕಳಚಿಡಿ. ಎಸೆಯಬೇಡಿ, ಸುಮ್ನೆ ಕಳಚಿಡಿ.

ಸುಡುವುದು ಯಾಕೆ? ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಇರುವುದು ಟಾರ್ಕ್ ಕನ್ವರ್ಟರ್. ಲಾಕಪ್ ಹಾಕದಿದ್ದಾಗ ಅದು ಕಡೆಗೋಲು ಮಜ್ಜಿಗೆ ಕಡೆದ ಹಾಗೆ ಆಯಿಲ್ ಅನ್ನು ಕಡೆಯುತ್ತದೆ. ಎಂಜಿನ್ ಕೊಟ್ಟ ಶಕ್ತಿಯಲ್ಲಿ ಒಂದು ಪಾಲು ಚಕ್ರಕ್ಕೆ ಹೋಗದೆ ಬಿಸಿಯಾಗುತ್ತದೆ. ಸಮತಟ್ಟಿನಲ್ಲಿ ಇದು ಕ್ಷಣದ ಮಾತು. ಲಾಕಪ್ ಬಿದ್ದ ಮೇಲೆ ಎರಡೂ ಒಟ್ಟಿಗೆ ತಿರುಗುತ್ತವೆ, ಬಿಸಿ ನಿಲ್ಲುತ್ತದೆ. ಏರಿನಲ್ಲಿ, ಹಿಂದೆ ಭಾರ ಇದ್ದಾಗ, ವೇಗ ಇಳಿದಾಗ ಲಾಕಪ್ ಬಿಟ್ಟುಹೋಗುತ್ತದೆ. ಅಥವಾ ಲಾಕಪ್‌ನ ಒಂದೇ ಒಂದು ಕ್ಲಚ್ ಪ್ಲೇಟ್ ಭಾರ ತಡೆಯದೆ ಜಾರುತ್ತದೆ. ನೀವು ಹೇಳುವ "ಎಂಜಿನ್ ಕೂಗುತ್ತದೆ, ಎಳೆಯುವುದಿಲ್ಲ" ಎನ್ನುವುದು ಇದೇ.

ಜೊತೆಗೆ ನಿಮ್ಮ ಊರಿನ ಎತ್ತರವೂ ಇದೆ. ಡೆನ್ವರ್ ಶುರುವಾಗುವುದೇ 5,280 ಅಡಿಯಲ್ಲಿ. ನಮ್ಮ ಮುಳ್ಳಯ್ಯನಗಿರಿಯ ತುದಿ 6,330 ಅಡಿ. ಐಸೆನ್‌ಹೋವರ್ ಟನಲ್ ಇರುವುದು 11,000 ಅಡಿಯ ಮೇಲೆ. ಅಲ್ಲಿನ ಗಾಳಿ ಸಮುದ್ರಮಟ್ಟದ ಗಾಳಿಗಿಂತ ಸುಮಾರು 30 ಪರ್ಸೆಂಟ್ ತೆಳು. ಅಂದರೆ ಕೂಲರ್ ಮೂಲಕ ಹಾಯುವ ಗಾಳಿಗೆ ಬಿಸಿ ಹೊರುವ ಶಕ್ತಿಯೂ ಕಮ್ಮಿ. ಟರ್ಬೊ ಏಳುವುದೂ ತಡ. ಬಿಸಿ ಜಾಸ್ತಿ ಹುಟ್ಟುವ ಜಾಗದಲ್ಲೇ ಅದನ್ನು ಹೊರಹಾಕುವುದು ಕಷ್ಟ.

ಇನ್ನು ನಿಮಗೆ ಬಂದ ಸಲಹೆಗಳು. ಆಯಿಲ್ ಮುಟ್ಟಬೇಡಿ ಎಂಬ ಮಾತು ಎಲ್ಲಿಂದ ಹುಟ್ಟಿತು ಎಂದು ಹೇಳುತ್ತೇನೆ. ಕ್ಲಚ್ ಸವೆದು ಬಾಕ್ಸ್ ಸಾಯಲು ತಯಾರಾದಾಗಲೇ ಜನ ಆಯಿಲ್ ಬದಲಿಸಲು ಓಡುತ್ತಾರೆ. ಹೊಸ ಆಯಿಲ್ ಹಾಕಿದ ವಾರಕ್ಕೆ ಬಾಕ್ಸ್ ನಿಲ್ಲುತ್ತದೆ. ಅಪವಾದ ಆಯಿಲ್ ಮೇಲೆ ಬರುತ್ತದೆ. ಕೊಂದದ್ದು ಆಯಿಲ್ ಅಲ್ಲ, ಸವೆತ. ಸರಿಯಾಗಿ ಗೇರ್ ಬದಲಿಸುತ್ತಿರುವ ಬಾಕ್ಸ್‌ಗೆ ಧೈರ್ಯವಾಗಿ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಎಟಿಎಫ್+4 ಎಂಬ ದರ್ಜೆಯ ಗೇರ್‌ಬಾಕ್ಸ್ ಆಯಿಲ್ ಮಾತ್ರ ಹಾಕಿ. ಡೆಕ್ಸ್‌ರಾನ್, "ಎಲ್ಲ ಗಾಡಿಗೂ ಆಗುತ್ತೆ" ಎನ್ನುವ ಆಯಿಲ್, ಬಾಟಲಿಯಲ್ಲಿ ಸಿಗುವ ಮದ್ದು, ಯಾವುದೂ ಬೇಡ. ಕ್ಲಚ್ ಹಿಡಿಯುವ ರೀತಿಯೇ ಬದಲಾಗಿಬಿಡುತ್ತದೆ.

ದೊಡ್ಡ ಕೂಲರ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರೂ ಸಿಗುತ್ತಾರೆ. ಕೂಲರ್ ಒಳ್ಳೆಯದು, ಬೇಡ ಅನ್ನುವುದಿಲ್ಲ. ಆದರೆ ಅದು ಹುಟ್ಟಿದ ಬಿಸಿಯನ್ನು ಹೊರಹಾಕುತ್ತದೆ ಅಷ್ಟೇ. ಜಾರುವುದು ನಿಲ್ಲುವುದಿಲ್ಲ. ಆಯಿಲ್ ತಣ್ಣಗಿರುವಾಗಲೂ ಜಾರುವ ಕ್ಲಚ್ ಸವೆಯುತ್ತಲೇ ಇರುತ್ತದೆ.

ಮ್ಯಾನ್ಯುಯಲ್ ಮಾಡಿಸುವುದು ಅಗ್ಗ ಎಂಬ ಮಾತೂ ಪೂರ್ತಿ ನಿಜವಲ್ಲ. ಪೆಡಲ್, ಕ್ಲಚ್, ಫ್ಲೈವೀಲ್, ಪ್ರೊಪೆಲ್ಲರ್ ಶಾಫ್ಟ್, ಕಂಪ್ಯೂಟರ್ ಕಡೆಯ ಹೊಂದಾಣಿಕೆ ಎಲ್ಲ ಸೇರುತ್ತವೆ. ಆರು ಗೇರ್‌ನ ಎನ್‌ವಿ5600 ಈಗ ತಯಾರಾಗುವುದಿಲ್ಲ, ಬಿಡಿಭಾಗ ದುಬಾರಿ. ಐದು ಗೇರ್‌ನ ಎನ್‌ವಿ4500ಗೆ ಐದನೇ ಗೇರ್‌ನ ನಟ್ ಸಡಿಲವಾಗಿ ಬಿಚ್ಚಿಕೊಳ್ಳುವ ಹಳೇ ರೋಗ. ನಿಮಗೆ ಕ್ಲಚ್ ತುಳಿದು ಓಡಿಸುವುದೇ ಇಷ್ಟ ಅಂದರೆ ಮಾಡಿಸಿ. ದುಡ್ಡು ಉಳಿಯುತ್ತದೆ ಅಂತ ಮಾತ್ರ ಮಾಡಿಸಬೇಡಿ.

ಅಲಿಸನ್ 1000 ನಿಜಕ್ಕೂ ಒಳ್ಳೆಯ ಬಾಕ್ಸ್. ಆದರೆ ಅದು ಅದೇ 2001ರಲ್ಲಿ ಜಿಎಂನ ಡ್ಯೂರಾಮ್ಯಾಕ್ಸ್ ಎಂಜಿನ್ ಜೊತೆ ಬಂದದ್ದು. ನಿಮ್ಮ ಕಮಿನ್ಸ್‌ಗೆ ಕೂರಿಸಲು ಅಡಾಪ್ಟರ್ ಬೇಕು, ಬೇರೆ ಕಂಟ್ರೋಲರ್ ಬೇಕು, ಕ್ರಾಸ್ ಮೆಂಬರ್ ಕೊಯ್ಯಬೇಕು, ಶಾಫ್ಟ್‌ಗಳ ಉದ್ದ ಬದಲಿಸಬೇಕು. ಗಾಡಿಯ ಬೆಲೆಯನ್ನು ದಾಟಿ ಹೋಗುವ ಖರ್ಚು. ಅದೂ ಸಾಯದ ಬಾಕ್ಸ್ ಏನಲ್ಲ. ಟ್ಯೂನಿಂಗ್ ಮಾಡಿದ ಡ್ಯೂರಾಮ್ಯಾಕ್ಸ್‌ಗಳಲ್ಲಿ ಅಲಿಸನ್ ಕೂಡ ಜಾರಿ ಲಿಂಪ್ ಮೋಡ್‌ಗೆ (ಕಂಪ್ಯೂಟರ್ ತಾನೇ ಗಾಡಿಯ ಓಟ ತಗ್ಗಿಸುವ ಸ್ಥಿತಿಗೆ) ಹೋಗುತ್ತದೆ. ನಿಮ್ಮದರ ನಂತರ ಬಂದ ರ‍್ಯಾಮ್‌ಗಳ ಆರು ಗೇರ್‌ನ 68ಆರ್‌ಎಫ್‌ಇ ಕೂರಿಸುವವರಿದ್ದಾರೆ. ಅದಕ್ಕೂ ಇದೇ ತಲೆನೋವು.

ಹಾಗಾದರೆ ಏನು ಮಾಡಬೇಕು? ಅದನ್ನು ನಿಮ್ಮ ಬಾಕ್ಸ್‌ನ ಪ್ಯಾನ್ ಹೇಳುತ್ತದೆ. ಕೆಳಗಿನ ತಗಡಿನ ಪ್ಯಾನ್ ಬಿಚ್ಚಿಸಿ. ಇದಕ್ಕೆ ಕಾರ್ಖಾನೆಯಿಂದ ಡ್ರೇನ್ ಪ್ಲಗ್ ಇಲ್ಲ. ಬೋಲ್ಟ್ ಒಂದೊಂದೇ ಸಡಿಲಿಸಿ ಒಂದು ಮೂಲೆ ಇಳಿಸಬೇಕು, ಮೊಣಕೈ ತನಕ ಆಯಿಲ್ ಇಳಿಯುವುದು ಗ್ಯಾರಂಟಿ. ಪ್ಯಾನ್ ಒಳಗೆ ಒಂದು ಅಯಸ್ಕಾಂತ ಇರುತ್ತದೆ. ಅದರ ಮೇಲೆ ಬೂದು ಬಣ್ಣದ, ಬೆರಳಿಗೆ ನುಣ್ಣಗೆ ಹತ್ತುವ ಕೆಸರು ಇದ್ದರೆ ಹೆದರಬೇಡಿ, ಅದು ವಯಸ್ಸಿನ ಸವೆತ. ಬೆರಳಿಗೆ ಚುಚ್ಚುವ ಲೋಹದ ಚೂರು ಸಿಕ್ಕರೆ ಒಳಗೆ ಏನೋ ಮುರಿದಿದೆ. ತಳದಲ್ಲಿ ಕಪ್ಪು ಚೂರು ಸಾಲಾಗಿ ಕೂತಿದ್ದರೆ ಅದು ಕ್ಲಚ್ ಪ್ಲೇಟ್‌ನ ಲೈನಿಂಗ್. ಆಯಿಲ್‌ನ ಒಂದು ಹನಿ ಬಿಳಿ ಕಾಗದದ ಮೇಲೆ ಬಿಡಿ. ಕೆಂಪು ಅಥವಾ ಮಾಸಿದ ಕೆಂಪು ಇದ್ದರೆ ಉಸಿರಾಡಿ. ಕಂದು ಬಣ್ಣ, ಸೀದ ವಾಸನೆ ಇದ್ದರೆ ಕ್ಲಚ್ ಸುಟ್ಟಿದೆ. ಅಂಥ ಬಾಕ್ಸ್ ಬಿಚ್ಚಿದಾಗ ಉಕ್ಕಿನ ಪ್ಲೇಟ್‌ಗಳ ಮೇಲೆ ನೀಲಿ ಕಲೆಗಳು ಕಾಣುತ್ತವೆ. ಅದನ್ನು ಯಾವ ಆಯಿಲ್ಲೂ ಸರಿಮಾಡುವುದಿಲ್ಲ.

ಪ್ಯಾನ್ ಸ್ವಚ್ಛ ಇದೆ ಅಂದುಕೊಳ್ಳಿ. ಆಗ ಫಿಲ್ಟರ್, ಆಯಿಲ್, ಬ್ಯಾಂಡ್ (ಒಳಗಿನ ಡ್ರಮ್ ಹಿಡಿದು ನಿಲ್ಲಿಸುವ ಪಟ್ಟಿ) ಅಡ್ಜಸ್ಟ್‌ಮೆಂಟ್ ಮಾಡಿಸಿ. ಪ್ಯಾನ್ ಇಳಿಸಿದಾಗ ಹೊರಬರುವುದು ಒಟ್ಟು ಆಯಿಲ್‌ನ ಅರ್ಧಕ್ಕಿಂತ ಕಮ್ಮಿ, ಉಳಿದದ್ದು ಕನ್ವರ್ಟರ್‌ನಲ್ಲೇ ಇರುತ್ತದೆ. ಆದ್ದರಿಂದ ಸ್ವಲ್ಪ ದಿನ ಬಿಟ್ಟು ಇನ್ನೊಮ್ಮೆ ಬದಲಿಸಿದರೆ ಒಳ್ಳೆಯದು. ಆಮೇಲೆ ಟಿವಿ ಕೇಬಲ್ ನೋಡಿಸಿ. ಪೆಡಲ್ ಒತ್ತಿದಷ್ಟೂ ಬಾಕ್ಸ್ ಒಳಗಿನ ಒತ್ತಡ ಏರಿಸುವ ಕೇಬಲ್ ಅದು. ಯಾರೋ ಎಂಜಿನ್ ಕೆಲಸ ಮಾಡಿ ಅದನ್ನು ಸಡಿಲ ಬಿಟ್ಟಿದ್ದರೆ ಕ್ಲಚ್‌ಗೆ ಸಾಕಷ್ಟು ಒತ್ತಡ ಸಿಗುವುದಿಲ್ಲ, ಜಾರಿ ಸುಡುತ್ತದೆ. ಈ ಒಂದು ಕೇಬಲ್ ಕೊಂದ ಗೇರ್‌ಬಾಕ್ಸ್‌ಗಳಿಗೆ ಲೆಕ್ಕವಿಲ್ಲ. ಜೊತೆಗೆ ಆಯಿಲ್ ಟೆಂಪರೇಚರ್ ಗೇಜ್ ಒಂದು ಹಾಕಿಸಿ. ಪ್ಯಾನ್‌ನಲ್ಲಿ 175ರಿಂದ 200 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 80ರಿಂದ 93 ಸೆಲ್ಸಿಯಸ್ ಇದ್ದರೆ ಆರಾಮ. 250 ಫ್ಯಾರನ್‌ಹೀಟ್ ಕಡೆ ಹೋದರೆ ಪಕ್ಕಕ್ಕೆ ನಿಲ್ಲಿಸಿ.

ನಿಲ್ಲಿಸಿದಾಗ ಬಹಳ ಜನ ತಪ್ಪು ಮಾಡುತ್ತಾರೆ. ಪಾರ್ಕ್‌ಗೆ ಹಾಕಿ ಎಂಜಿನ್ ಓಡಿಸುತ್ತಾ ತಣ್ಣಗಾಗಲಿ ಎಂದು ಕಾಯುತ್ತಾರೆ. ಈ ಬಾಕ್ಸ್‌ನಲ್ಲಿ ಪಾರ್ಕ್‌ನಲ್ಲಿದ್ದಾಗ ಕನ್ವರ್ಟರ್‌ಗೂ ಕೂಲರ್‌ಗೂ ಆಯಿಲ್ ಹರಿಯುವುದಿಲ್ಲ. ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಅಡ್ಡ ಕೊಟ್ಟು, ನ್ಯೂಟ್ರಲ್‌ನಲ್ಲಿಟ್ಟು ಐಡಲ್ ಸ್ವಲ್ಪ ಏರಿಸಿ. ಆಯಿಲ್ ಲೆವೆಲ್ ನೋಡುವುದೂ ಹಾಗೆಯೇ: ಬಿಸಿಯಾಗಿದ್ದಾಗ, ಎಂಜಿನ್ ಓಡುತ್ತಿರುವಾಗ, ನ್ಯೂಟ್ರಲ್‌ನಲ್ಲಿ.

ಓಡಿಸುವ ರೀತಿಯಲ್ಲೂ ಉಳಿತಾಯವಿದೆ. ಏರು ಶುರುವಾಗುವ ಮೊದಲೇ ಓವರ್‌ಡ್ರೈವ್ ಆಫ್ ಬಟನ್ ಒತ್ತಿ. ನಿಮ್ಮ ಹಿಂದಿನ ಆಕ್ಸಲ್ 3.55 ಆಗಿದ್ದರೆ 55 ಮೈಲಿ ವೇಗಕ್ಕೆ ಓವರ್‌ಡ್ರೈವ್‌ನಲ್ಲಿ ಎಂಜಿನ್ 1,500 ಆರ್‌ಪಿಎಂನಲ್ಲಿ ಒದ್ದಾಡುತ್ತಿರುತ್ತದೆ. ಮೂರನೇ ಗೇರ್‌ನಲ್ಲಿ 2,150ರ ಹತ್ತಿರ, ಲಾಕಪ್ ಹಾಕಿಕೊಂಡೇ ಎಳೆಯುತ್ತದೆ. ಹಿಂದಿನ ಕಾರುಗಳು ಹಾರ್ನ್ ಹೊಡೆಯಲಿ ಬಿಡಿ, ನೀವು ಬಲಗಡೆ ಲೇನ್ ಹಿಡಿಯಿರಿ. ಟ್ರೇಲರ್ ತೂಕ ನಿಜವಾಗಿ ಎಷ್ಟು ಎಂದು ಟ್ರಕ್ ಸ್ಟಾಪ್‌ನ ಕ್ಯಾಟ್ ಸ್ಕೇಲ್‌ನಲ್ಲಿ ಒಮ್ಮೆ ತೂಗಿಸಿ. ನೀರು, ಗ್ಯಾಸ್, ಸಾಮಾನು ಸೇರಿದರೆ ಹೇಳಿದ ತೂಕ ಯಾವತ್ತೂ ಇರುವುದಿಲ್ಲ, ಅಲ್ವಾ?

ಇದಿಷ್ಟು ಮಾಡಿದ ಮೇಲೂ ಬಿಸಿ ಏರಿದರೆ, ಪ್ಯಾನ್ ಸ್ವಚ್ಛ ಇದ್ದರೆ, ನಾನು ಹೇಳುವುದು ಎರಡೇ ಭಾಗ. ಹೆಚ್ಚು ಪ್ಲೇಟ್ ಇರುವ ಲಾಕಪ್‌ನ ಒಳ್ಳೆಯ ಕನ್ವರ್ಟರ್, ಮತ್ತು ಒತ್ತಡ ಹೆಚ್ಚಿಸಿದ ವಾಲ್ವ್ ಬಾಡಿ, ಅಂದರೆ ಆಯಿಲ್ ಅನ್ನು ಕ್ಲಚ್‌ಗಳಿಗೆ ಹಂಚುವ ಭಾಗ. ನನ್ನ ಕೈಯಲ್ಲಿ ದುಡ್ಡಿಗೆ ತಕ್ಕ ಫಲ ಕೊಟ್ಟ ಕೆಲಸ ಇದು. ವಾಲ್ವ್ ಬಾಡಿ ಹೊಸದಾಗಿ ಹಾಕುವಾಗ ವೇಗಕ್ಕೆ ತಕ್ಕ ಒತ್ತಡ ಕೊಡುವ ಗವರ್ನರ್ ಸೊಲೆನಾಯ್ಡ್ ಮತ್ತು ಅದರ ಸೆನ್ಸರ್ ಕೂಡ ಬದಲಿಸಿಬಿಡಿ. ಇವು ಕೆಡುವುದು ಸಾಮಾನ್ಯ, ಬೆಲೆಯೂ ಜಾಸ್ತಿ ಇಲ್ಲ. ಗೇರ್ ಬೀಳುವಾಗ ಮೊದಲಿಗಿಂತ ಗಟ್ಟಿಯಾಗಿ ಬೀಳುತ್ತದೆ. ಮನೆಯವರು "ಏನಿದು ಒದೀತಿದೆ" ಅನ್ನಬಹುದು. ಮೆತ್ತಗೆ ಜಾರಿಕೊಂಡು ಬೀಳುವ ಗೇರ್‌ಗಿಂತ ಇದು ಬಾಕ್ಸ್‌ಗೆ ಒಳ್ಳೆಯದು. ಅಪಾಯ ಒಂದೇ: ಒಳಗಿನ ಕ್ಲಚ್ ಆಗಲೇ ಸವೆದಿದ್ದರೆ ಅದರ ಕಸ ಹೊಸ ಕನ್ವರ್ಟರ್‌ಗೆ ಹೋಗಿ ಹೊಸದನ್ನೂ ಹಾಳು ಮಾಡುತ್ತದೆ. ಅದಕ್ಕೇ ಪ್ಯಾನ್ ನೋಡದೆ ಈ ಕೆಲಸ ಬೇಡ.

ಲಾಕಪ್ ಅನ್ನು ಕೈಯಿಂದ ಹಾಕುವ ಸ್ವಿಚ್ ಒಂದನ್ನು ಸೇರಿಸಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಇಳಿಜಾರಿನಲ್ಲಿ ಎಕ್ಸಾಸ್ಟ್ ಬ್ರೇಕ್ (ಹೊಗೆ ಹೋಗುವ ದಾರಿ ತಡೆದು ಎಂಜಿನ್‌ನಿಂದಲೇ ವೇಗ ಇಳಿಸುವ ಸಾಧನ) ಇದ್ದವರಿಗೆ ಅದು ಉಪಯೋಗ, ಯಾಕೆಂದರೆ ಲಾಕಪ್ ಇಲ್ಲದೆ ಎಂಜಿನ್‌ನ ತಡೆ ಚಕ್ರಕ್ಕೆ ಸರಿಯಾಗಿ ಮುಟ್ಟುವುದಿಲ್ಲ. ಟನಲ್ ದಾಟಿ ಸಿಲ್ವರ್‌ಥಾರ್ನ್‌ಗೆ ಇಳಿಯುವಾಗ ಬ್ರೇಕ್ ಕಾಯುವುದನ್ನು ನೀವೇ ನೋಡಿರುತ್ತೀರಿ. ಆದರೆ ಆ ಸ್ವಿಚ್ ಆನ್ ಇಟ್ಟು ಗೇರ್ ಬದಲಾಗಲು ಬಿಟ್ಟರೆ ಹೊಡೆತ ನೇರ ಇನ್‌ಪುಟ್ ಶಾಫ್ಟ್ ಮೇಲೆ. ಮೂಲ ಕನ್ವರ್ಟರ್ ಇರುವ ತನಕ ಅದು ಬೇಡ.

ಪ್ಯಾನ್‌ನಲ್ಲಿ ಕಪ್ಪು ಚೂರು ಸಿಕ್ಕಿದರೆ ಮಾತ್ರ ಆ 6,800 ಡಾಲರ್‌ನ ಪ್ರಶ್ನೆ. ಆಗ ಪೂರ್ತಿ ಬಿಚ್ಚಲೇಬೇಕು. ಟ್ರೇಲರ್ ಎಳೆಯುವುದಷ್ಟೇ ಉದ್ದೇಶ, ಟ್ಯೂನಿಂಗ್ ಬಾಕ್ಸ್ ಕಪಾಟಿನಲ್ಲೇ ಇರುತ್ತದೆ ಅಂದರೆ ರೇಸ್ ಗಾಡಿಯ ಭಾಗಗಳು ಬೇಡ. 2003ರಲ್ಲಿ ಇದರ ಮುಂದಿನ ಆವೃತ್ತಿಯಾಗಿ ಬಂದ 48ಆರ್‌ಇಯ ಗಟ್ಟಿ ಗ್ರಹಗೇರ್‌ಗಳು, ಶಾಫ್ಟ್ ಮುಂತಾದವನ್ನು ಇದಕ್ಕೇ ಹಾಕುವ ರೂಢಿ ಇದೆ, ಅದು ಸಾಕು. ಟ್ಯೂನಿಂಗ್ ಬಾಕ್ಸ್ ಮತ್ತೆ ಹಾಕುತ್ತೀರಿ ಎಂದಾದರೆ ಬಿಲ್ಲೆಟ್ (ಗಟ್ಟಿ ಉಕ್ಕಿನ ಒಂದೇ ತುಂಡಿನಿಂದ ಕಡೆದ) ಇನ್‌ಪುಟ್ ಶಾಫ್ಟ್ ಕೇಳಿ. ಇದನ್ನು ಶಾಪ್‌ಗೆ ಮೊದಲೇ ಹೇಳಿ. ಎಷ್ಟು ಪವರ್ ಬೇಕು ಎಂದು ಹೇಳದೆ ಕಟ್ಟಿಸಿದ ಬಾಕ್ಸ್ ಒಂದೋ ದುಬಾರಿಯಾಗುತ್ತದೆ, ಇಲ್ಲವೇ ಸಾಲದಾಗುತ್ತದೆ.

ದುಡ್ಡು ಕೊಡುವ ಮುಂಚೆ ಎಂಜಿನ್ ಕಡೆಯೂ ಒಂದು ಕಣ್ಣು ಹಾಕಿ. ಡ್ರೈವರ್ ಬದಿಯಲ್ಲಿ, ಇಂಜೆಕ್ಷನ್ ಪಂಪ್ ಕೆಳಗೆ, ಬ್ಲಾಕ್ ಮೇಲೆ 53 ಎಂಬ ಉಬ್ಬು ಅಂಕಿ ಇದೆಯಾ ನೋಡಿ. ಆ ಬ್ಲಾಕ್‌ಗಳ ನೀರಿನ ಗೋಡೆ ತೆಳು, ಬದಿಯಲ್ಲಿ ಬಿರುಕು ಬಿಟ್ಟು ಕೂಲಂಟ್ ಒಸರುವುದು ಎಲ್ಲರಿಗೂ ಗೊತ್ತಿರುವ ವಿಷಯ. ಎಲ್ಲ 53ಗಳೂ ಒಡೆಯುವುದಿಲ್ಲ, ಆದರೆ ಒಸರುತ್ತಿದ್ದರೆ ಗೇರ್‌ಬಾಕ್ಸ್‌ಗೆ ಖರ್ಚು ಮಾಡುವುದರಲ್ಲಿ ಅರ್ಥವಿಲ್ಲ. ಹಾಗೆಯೇ ಟ್ಯಾಂಕ್‌ನಿಂದ ಡೀಸೆಲ್ ತರುವ ಲಿಫ್ಟ್ ಪಂಪ್‌ನ ಒತ್ತಡವನ್ನೂ ನೋಡಿಸಿ. ಅದು ಸೋತರೆ ವಿಪಿ44 ಇಂಜೆಕ್ಷನ್ ಪಂಪ್ ಸಾಯುತ್ತದೆ, ಅದರ ಬಿಲ್ಲೂ ಚಿಕ್ಕದಲ್ಲ. ಎಂಜಿನ್ ಗಟ್ಟಿ ಇದ್ದರೆ ಮಾತ್ರ ಈ ಗಾಡಿಗೆ ದೊಡ್ಡ ಖರ್ಚು ಸಮಂಜಸ. 9,000 ಕೊಟ್ಟ ಗಾಡಿಗೆ 6,800 ಯಾಕೆ ಎಂದು ಸಂಕಟ ಬೇಡ. ಇಂದು ಇಷ್ಟು ಎಳೆಯುವ ಹೊಸ ಡೀಸೆಲ್ ಪಿಕಪ್‌ನ ಬೆಲೆ ಶೋರೂಮ್‌ನಲ್ಲಿ ಕೇಳಿ ನೋಡಿ.

ಊರಲ್ಲಿ ಇಸುಜು ವಿ-ಕ್ರಾಸ್ ಆಟೋಮ್ಯಾಟಿಕ್ ಇಟ್ಟುಕೊಂಡವರಿಗೆ ಭಾಗದ ಹೆಸರು, ಅಂಕಿ ಯಾವುದೂ ಹೊಂದುವುದಿಲ್ಲ. ಭಾರ ಹೊತ್ತು ಘಾಟಿ ಏರುವಾಗ ಕೆಳ ಗೇರ್ ಹಿಡಿಯಿರಿ ಎಂಬುದಷ್ಟೇ ಅವರಿಗೂ ಸಲ್ಲುತ್ತದೆ.

ಕೊನೆಗೆ ಶಾಪ್‌ನವರನ್ನು ಕೇಳಬೇಕಾದ್ದು. ವಾರಂಟಿ ಟ್ರೇಲರ್ ಎಳೆದರೂ ಇರುತ್ತದಾ? ಬರಹದಲ್ಲಿ ಕೊಡಿ ಎನ್ನಿ. ಕನ್ವರ್ಟರ್ ಯಾರದು, ಅದರ ಸ್ಟಾಲ್ ಸ್ಪೀಡ್ (ಗಾಡಿ ನಿಂತಿರುವಾಗ ಪೆಡಲ್ ಪೂರ್ತಿ ಒತ್ತಿದರೆ ಎಂಜಿನ್ ಏರುವ ಆರ್‌ಪಿಎಂ) ನಿಮ್ಮ ಟರ್ಬೊಗೂ ಭಾರಕ್ಕೂ ಹೊಂದುತ್ತದಾ? ಇವಕ್ಕಿಂತ ಮುಖ್ಯ, ಹಳೇ ಕೂಲರ್ ಏನು ಮಾಡುತ್ತಾರೆ? ಈ ಗಾಡಿಯಲ್ಲಿ ಮುಂದೆ ಗಾಳಿಯ ಕೂಲರ್ ಇದೆ, ಎಂಜಿನ್ ಪಕ್ಕದಲ್ಲಿ ನೀರಿನಿಂದ ತಣಿಸುವ ಇನ್ನೊಂದು ಇದೆ. ಸುಟ್ಟ ಬಾಕ್ಸ್‌ನ ಕಸ ಎರಡರಲ್ಲೂ ಕೂತಿರುತ್ತದೆ. ನೀರಿನದನ್ನು ತೊಳೆದು ಸ್ವಚ್ಛ ಮಾಡುವುದು ಹೆಚ್ಚುಕಮ್ಮಿ ಆಗದ ಕೆಲಸ, ಬದಲಿಸಬೇಕು. "ಏನಿಲ್ಲ, ಗಾಳಿ ಹೊಡೆದು ಹಾಕ್ತೀವಿ" ಎಂದರೆ ಆ ಶಾಪ್ ಬಿಟ್ಟು ಬೇರೆ ಕಡೆ ಹೋಗಿ.